ಚಿನ್ನಕ್ಕಾಗಿ ಹಾಕಿದ ಹಳಿ, ಜನರಿಗೆ ಸಿಗದ ಮಾತು

ರಸ್ತೆ, ರೈಲು, ಸೇತುವೆಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮೂರು ಪ್ರಶ್ನೆಗಳಿಂದ ಓದುತ್ತೇವೆ. ಕಟ್ಟಿಸಿದವರು ಯಾರು, ಹಣ ಕೊಟ್ಟವರು ಯಾರು, ಉದ್ಘಾಟಿಸಿದವರು ಯಾರು? ಶಿಲಾಫಲಕಗಳಲ್ಲಿ ಕೊರೆದಿರುವುದೂ ಈ ಮೂರಕ್ಕೆ ಉತ್ತರವೇ. ನಾಲ್ಕನೆಯ ಪ್ರಶ್ನೆ ಯಾವ ಫಲಕದಲ್ಲೂ ಇರುವುದಿಲ್ಲ: ಅದನ್ನು ಕಟ್ಟುವ ಮುನ್ನ ಯಾರನ್ನು ಕೇಳಿದರು? ಈ ಪ್ರಶ್ನೆಯನ್ನು ಹಿಡಿದು ಹೊರಟವರಿಗೆ ಕೋಲಾರ ಜಿಲ್ಲೆಯ ಬಂಗಾರಪೇಟೆ ಮತ್ತು ಕೆ.ಜಿ.ಎಫ್.ಗಳಷ್ಟು ಪಾಠ ಹೇಳುವ ಊರುಗಳು ಕರ್ನಾಟಕದಲ್ಲಿ ವಿರಳ. ಇಲ್ಲಿ ಹಳಿ ಬಂದದ್ದು ಚಿನ್ನಕ್ಕಾಗಿ. ಚಿನ್ನ ನಿಂತ ಮೇಲೂ ಹಳಿ ಉಳಿಯಿತು. ಈಗ ಅದರ ಮೇಲೆ ಸಾಗುವುದು ಜನ. ಆದರೆ ಆ ಜನರನ್ನು ಕೇಳುವ ಏರ್ಪಾಡು ಮಾತ್ರ ಇನ್ನೂ ಬಂದಿಲ್ಲ.

ಬೌರಿಂಗ್‌ಪೇಟೆಯ ಕವಲು

ಮದ್ರಾಸಿನಿಂದ ಹೊರಟ ರೈಲು ಜೋಲಾರಪೇಟೆಯ ಮೂಲಕ ಬೆಂಗಳೂರು ದಂಡು ಪ್ರದೇಶವನ್ನು ಮುಟ್ಟಿದ್ದು 1864ರಲ್ಲಿ. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1862ರಿಂದ 1870ರವರೆಗೆ ಕಮಿಷನರ್ ಆಗಿದ್ದ ಲೆವಿನ್ ಬೆಂಥಾಮ್ ಬೌರಿಂಗ್ ಅವರ ಹೆಸರನ್ನೇ ಈ ಮಾರ್ಗದ ಒಂದು ಊರಿಗೆ ಇಟ್ಟರು. ಅದೇ ಬೌರಿಂಗ್‌ಪೇಟೆ. ಜನರ ನಾಲಿಗೆಯಲ್ಲಿ ಅದು ಬಂಗಾರಪೇಟೆಯಾಯಿತು. ಸಾಹೇಬರ ಹೆಸರು ಅಳಿದು ಲೋಹದ ಹೆಸರು ನಿಂತದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ಪಕ್ಕದಲ್ಲೇ ಚಿನ್ನದ ಗಣಿಗಳಿದ್ದವು.

1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಕೋಲಾರದ ಚಿನ್ನದ ಗಣಿಗಳ ಆಡಳಿತಕ್ಕೆ ಕೈಹಾಕಿದ ಮೇಲೆ ಗಣಿಗಾರಿಕೆ ಆಳಕ್ಕಿಳಿಯಿತು. ಯಂತ್ರಗಳು, ಕಲ್ಲಿದ್ದಲು, ಮರದ ದಿಮ್ಮಿ ಎಲ್ಲವೂ ಹೊರಗಿನಿಂದ ಬರಬೇಕಿತ್ತು. ಎತ್ತಿನ ಗಾಡಿಗಳಿಂದ ಅದು ಸಾಧ್ಯವಿರಲಿಲ್ಲ. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಸುಮಾರು 16 ಕಿ.ಮೀ. ಉದ್ದದ ಬ್ರಾಡ್‌ಗೇಜ್ ಕವಲು ಮಾರ್ಗ ಬಂತು. ಅದು ಮೈಸೂರು ಸರಕಾರದ ಸ್ವತ್ತು, ಓಡಿಸುತ್ತಿದ್ದದ್ದು ಮದ್ರಾಸ್ ರೈಲ್ವೆ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ: ನಿಲ್ದಾಣಗಳ ಹೆಸರು ಓದಿದರೆ ಗಣಿಗಳ ಪಟ್ಟಿಯನ್ನೇ ಓದಿದಂತೆ. ಕೂಲಿಕಾರರೂ ವ್ಯಾಪಾರಿಗಳೂ ನೆಲೆಸಲೆಂದು ಆಮೇಲೆ ಎದ್ದ ರಾಬರ್ಟ್‌ಸನ್‌ಪೇಟೆ, ಅಂದರೆ ಅಂಗಡಿ, ಸಂತೆ, ಮಸೀದಿ, ದೇವಸ್ಥಾನ, ಚರ್ಚುಗಳಿರುವ ನಿಜವಾದ ಊರು, ಹಳಿಯಿಂದ ದೂರವೇ ಉಳಿಯಿತು. ಗಣಿಯ ಬಾಯಿಗೆ ರೈಲು ಬಂತು, ಪೇಟೆಯ ಬಾಗಿಲಿಗೆ ಬರಲಿಲ್ಲ.

ವಿದ್ಯುತ್ತಿನ ಕತೆಯೂ ಇದೇ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ತಂತಿಯ ಮೇಲೆ ಹರಿದು ಮೊದಲು ತಲುಪಿದ್ದು ಕೆ.ಜಿ.ಎಫ್. ಗಣಿಗಳನ್ನು. ಬೆಂಗಳೂರಿನ ಬೀದಿದೀಪಗಳು ಅದಕ್ಕಾಗಿ 1905ರವರೆಗೆ ಕಾಯಬೇಕಾಯಿತು. ಕೋಲಾರ ಜಿಲ್ಲೆಯ ಹಳ್ಳಿಗಳು ಇನ್ನೂ ಹಲವು ದಶಕ ಕಾದವು.

ಇನ್ನೊಂದು ಹೋಲಿಕೆಯನ್ನೂ ನೋಡಬೇಕು. ಗಣಿಗೆ ರೈಲು ಬಂದದ್ದು 1894ರಲ್ಲಿ. ಜಿಲ್ಲಾ ಕೇಂದ್ರವಾದ ಕೋಲಾರ ಪಟ್ಟಣಕ್ಕೆ ಬಂಗಾರಪೇಟೆಯಿಂದ ರೈಲು ಬಂದದ್ದು 1913ರಲ್ಲಿ, ಹತ್ತೊಂಬತ್ತು ವರ್ಷ ತಡವಾಗಿ. ಅದೂ ಎರಡೂವರೆ ಅಡಿ ಅಗಲದ ಪುಟ್ಟ ಹಳಿ. ಮುಂದೆ ಅದೇ ನ್ಯಾರೋಗೇಜ್ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಮುಟ್ಟಿ ಬೆಂಗಳೂರಿನ ಕಡೆ ಸಾಗಿತು. ರೈತರ ಬೆಳೆ, ರೇಷ್ಮೆಗೂಡು, ಸಂತೆಯ ಜನ ಅದರಲ್ಲಿ ಓಡಾಡಿದರು. 1990ರ ದಶಕದಲ್ಲಿ ಆ ಪುಟ್ಟ ರೈಲು ನಿಂತಿತು. ಕೋಲಾರದಿಂದ ಚಿಕ್ಕಬಳ್ಳಾಪುರದವರೆಗೆ ಬ್ರಾಡ್‌ಗೇಜ್ ರೈಲು ಮತ್ತೆ ಓಡಿದ್ದು 2013ರಲ್ಲಿ. ನಡುವಿನ ವರ್ಷಗಳಲ್ಲಿ ಆ ದಾರಿಯ ಊರುಗಳ ಒಂದು ತಲೆಮಾರು ರೈಲಿಲ್ಲದೆ ಬೆಳೆಯಿತು. ಚಿನ್ನ ಹತ್ತಿದ ಹಳಿಗೂ ಜನ ಹತ್ತಿದ ಹಳಿಗೂ ಇರುವ ವ್ಯತ್ಯಾಸ ಇಷ್ಟರಲ್ಲೇ ತಿಳಿಯುತ್ತದೆ.

ಕೇಳುವ ಪದ್ಧತಿ ನಮಗೆ ಹೊಸದಲ್ಲ

‘ಜನರನ್ನು ಕೇಳಿ ಯೋಜನೆ ಮಾಡುವುದು ಪಾಶ್ಚಾತ್ಯರಿಂದ ಈಚೆಗೆ ಬಂದ ಮಾತು’ ಎನ್ನುವವರಿದ್ದಾರೆ. ಮೈಸೂರಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1881ರ ಅಕ್ಟೋಬರ್‌ನಲ್ಲಿ ದಿವಾನ್ ಸಿ. ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಮೊದಲ ಸಭೆಗೆ ತಾಲ್ಲೂಕುಗಳಿಂದ 144 ಮಂದಿ ಬಂದರು. ದಸರೆಯ ಹೊತ್ತಿಗೆ ಸೇರುತ್ತಿದ್ದ ಈ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು, ಸದಸ್ಯರು ತಮ್ಮ ಸೀಮೆಯ ಅಹವಾಲುಗಳನ್ನು ಮುಂದಿಡುತ್ತಿದ್ದರು. ನಮ್ಮ ಊರಿನ ರಸ್ತೆ, ಕೆರೆ, ಶಾಲೆ, ನಮ್ಮ ಸೀಮೆಗೆ ಬೇಕಾದ ರೈಲು ಎಂದು ಹೇಳಿಕೊಳ್ಳಲು ಸರಕಾರವೇ ಒದಗಿಸಿದ ಜಾಗ ಅದಾಗಿತ್ತು. 1949ರವರೆಗೆ, ಸುಮಾರು ಏಳು ದಶಕ, ಆ ಸಭೆ ಬಾಳಿತು.

ಅದರ ದೌರ್ಬಲ್ಯವನ್ನೂ ಮರೆಯಬಾರದು. ಅಲ್ಲಿಗೆ ಬರುತ್ತಿದ್ದವರು ಆಸ್ತಿಯುಳ್ಳ ರೈತರು, ವ್ಯಾಪಾರಿಗಳು. ಗಣಿಯ ಕತ್ತಲೆಗೆ ಇಳಿಯುತ್ತಿದ್ದ ಕೂಲಿಯ ಪರವಾಗಿ ಮಾತಾಡುವವರು ಆ ಸಭೆಯಲ್ಲಿ ಸಿಗುವುದು ಕಷ್ಟವಿತ್ತು. ಗಣಿ ಕಾರ್ಮಿಕರಲ್ಲಿ ಬಹುಪಾಲು ತಮಿಳು ನಾಡಿನ ಜಿಲ್ಲೆಗಳಿಂದ ಬಂದ ದಲಿತರು. ಜೊತೆಗೆ ತೆಲುಗರು, ಮಲಯಾಳಿಗಳು, ಉರ್ದು ಮಾತಾಡುವ ಮುಸ್ಲಿಮರು, ಆಂಗ್ಲೋ ಇಂಡಿಯನ್ನರು. ಇವರ ಶ್ರಮದಿಂದ ಚಿನ್ನ ಮೇಲೆ ಬಂತು, ಇವರ ಮಾತು ಮಾತ್ರ ಮೇಲೆ ಬರಲಿಲ್ಲ.

ಕೇಳದೇ ಇದ್ದಾಗ ಏನಾಗುತ್ತದೆ ಎಂಬುದನ್ನೂ ಈ ಊರೇ ತೋರಿಸಿದೆ. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಣಿ ಮಾಡುವ ಕ್ರಮ ಬಂದಾಗ ಗಣಿ ಕಾರ್ಮಿಕರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ತಮ್ಮನ್ನು ಕಳ್ಳರಂತೆ ಗುರುತಿಸುವ ಪದ್ಧತಿಯನ್ನು ಅವರು ಒಪ್ಪಲಿಲ್ಲ. 1946ರ ಮುಷ್ಕರದ ಕಾಲದಲ್ಲಿ ನವೆಂಬರ್ 4ರಂದು ಪೊಲೀಸರು ಗುಂಡು ಹಾರಿಸಿ ಆರು ಮಂದಿ ಕಾರ್ಮಿಕರು ಸತ್ತರು. ಇವು ರೈಲಿನ ಹೋರಾಟಗಳಲ್ಲ ನಿಜ. ಆದರೆ ತಮ್ಮ ಬದುಕಿನ ಬಗ್ಗೆ ತಮ್ಮನ್ನು ಕೇಳದೆ ತೀರ್ಮಾನವಾಗಬಾರದು ಎಂಬ ಒಂದೇ ಮಾತು ಎರಡರಲ್ಲೂ ಇತ್ತು. ಕೇಳುವ ಬಾಗಿಲು ಇಲ್ಲದ ಕಡೆ ಜನ ಬೀದಿಗೆ ಬರುತ್ತಾರೆ.

ರೈಲು ಪ್ರಯಾಣಿಕರ ವಿಷಯಕ್ಕೆ ಬಂದರೆ, ಈ ಮಾತನ್ನು ದೇಶಕ್ಕೆ ಕೇಳಿಸುವಂತೆ ಹೇಳಿದವರು ಗಾಂಧೀಜಿ. ದಕ್ಷಿಣ ಆಫ್ರಿಕಾದಿಂದ ಮರಳಿದ ಮೇಲೆ ಮೂರನೆಯ ದರ್ಜೆಯಲ್ಲೇ ಓಡಾಡಿದ ಅವರು 1917ರಲ್ಲಿ ಆ ಡಬ್ಬಿಗಳ ಸ್ಥಿತಿಯ ಬಗ್ಗೆ ಪತ್ರಿಕೆಗಳಿಗೆ ದೀರ್ಘವಾಗಿ ಬರೆದರು. ಕಷ್ಟ ಏನೆಂದು ಆ ಡಬ್ಬಿಯಲ್ಲಿ ಕುಳಿತವನಿಗೇ ಗೊತ್ತು ಎಂಬುದು ಅವರ ವಾದದ ತಿರುಳು. ಸ್ವಾತಂತ್ರ್ಯಾನಂತರ ರೈಲ್ವೆಯಲ್ಲಿ ವಲಯ ಮಟ್ಟದಲ್ಲಿ, ವಿಭಾಗ ಮಟ್ಟದಲ್ಲಿ ಪ್ರಯಾಣಿಕರ ಸಲಹಾ ಸಮಿತಿಗಳು ಬಂದವು. ವಾಣಿಜ್ಯ ಮಂಡಳಿಗಳು, ಪ್ರಯಾಣಿಕರ ಸಂಘಗಳು, ಜನಪ್ರತಿನಿಧಿಗಳ ಕಡೆಯವರು ಅವುಗಳಲ್ಲಿ ಕೂರುತ್ತಾರೆ. ಅವು ಸಲಹೆ ಕೊಡಬಲ್ಲವು, ತೀರ್ಮಾನ ಮಾಡಲಾರವು. ನಸುಕಿನ ರೈಲು ಹತ್ತುವ ಗಾರ್ಮೆಂಟ್ಸ್ ಕೆಲಸದ ಹೆಂಗಸಿಗೆ ಇಂಥ ಸಮಿತಿಯೊಂದು ಇದೆ ಎಂಬುದೇ ತಿಳಿದಿರುವುದಿಲ್ಲ.

ಗಣಿ ಮುಚ್ಚಿದ ಮೇಲೆ

ಗಣಿಗಳು 1956ರಲ್ಲಿ ಮೈಸೂರು ಸರಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಮೂರು ಕಿ.ಮೀ.ಗಿಂತ ಆಳಕ್ಕೆ ಇಳಿದ ಗಣಿಯಲ್ಲಿ ಚಿನ್ನಕ್ಕಿಂತ ಖರ್ಚು ಹೆಚ್ಚಾಯಿತು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಆಗ ಒಂದು ವಿಚಿತ್ರ ನಡೆಯಿತು. ನೂರು ವರ್ಷ ಹೊರಗಿನಿಂದ ದುಡಿಯುವವರನ್ನು ಈ ಊರಿಗೆ ತಂದ ಹಳಿ, ಈಗ ಈ ಊರಿನಿಂದ ದುಡಿಯುವವರನ್ನು ಹೊರಗೆ ಒಯ್ಯತೊಡಗಿತು. ಬಂಗಾರಪೇಟೆಯಿಂದ ಬೆಂಗಳೂರಿಗೆ ಹಳಿಯ ಮೇಲೆ ಸುಮಾರು 70 ಕಿ.ಮೀ. ಮಾರಿಕುಪ್ಪಂನಿಂದ ಹತ್ತುವವರಿಗೆ ಅದರ ಮೇಲೆ ಇನ್ನೂ 16. ಸಾವಿರಾರು ಜನ ಸೂರ್ಯ ಹುಟ್ಟುವ ಮೊದಲೇ ಮನೆ ಬಿಟ್ಟು, ಕತ್ತಲಾದ ಮೇಲೆ ಮರಳುತ್ತಾರೆ. ಸೆಕ್ಯುರಿಟಿ ಗಾರ್ಡುಗಳು, ಗಾರ್ಮೆಂಟ್ಸ್ ಕಾರ್ಮಿಕರು, ಆಸ್ಪತ್ರೆಯ ಆಯಾಗಳು, ಅಂಗಡಿಯ ಹುಡುಗರು, ಕಚೇರಿಯ ಗುಮಾಸ್ತರು, ಕಾಲೇಜಿನ ಮಕ್ಕಳು. ಗಣಿಗೆ ಇಳಿದವರ ಮೊಮ್ಮಕ್ಕಳು ಇವರು.

ಇವರಿಗೆ ಗೊತ್ತಿರುವ ವಿಷಯಗಳು ಯಾವ ನಕಾಶೆಯಲ್ಲೂ ಇಲ್ಲ. ಮುಂಜಾನೆಯ ರೈಲು ಹತ್ತು ನಿಮಿಷ ತಡವಾದರೆ ಯಾವ ಪಾಳಿಯವರ ಅರ್ಧ ದಿನದ ಕೂಲಿ ಹೋಗುತ್ತದೆ, ಹೆಂಗಸರು ರಾತ್ರಿ ಯಾವ ಪ್ಲಾಟ್‌ಫಾರಂನ ದೀಪವಿಲ್ಲದ ತುದಿಯಲ್ಲಿ ಇಳಿಯಬೇಕಾಗುತ್ತದೆ, ಕೊನೆಯ ರೈಲು ಬಂದ ಮೇಲೆ ರಾಬರ್ಟ್‌ಸನ್‌ಪೇಟೆಗೆ ಬಸ್ಸು ಇದೆಯೋ ಇಲ್ಲವೋ, ಆಟೋದವನು ಎಷ್ಟು ಕೇಳುತ್ತಾನೆ: ಇವೆಲ್ಲ ಸಂಚಾರ ಶಾಸ್ತ್ರದ ಅಂಕಿಅಂಶಗಳೇ. ಅವನ್ನು ಬರೆದುಕೊಳ್ಳುವವರಿಲ್ಲ, ಅಷ್ಟೇ.

ಕೇಳದೆ ಮಾಡಿದ ತೀರ್ಮಾನದ ಭಾರ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆಯಿದೆ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ದೇಶದ ಎಲ್ಲ ಪ್ಯಾಸೆಂಜರ್ ರೈಲುಗಳು ನಿಂತವು. ಮುಂದೆ ಅವು ‘ವಿಶೇಷ ರೈಲು’ಗಳ ಹೆಸರಿನಲ್ಲಿ ಮರಳಿದಾಗ 10 ರೂಪಾಯಿಯ ಕನಿಷ್ಠ ಟಿಕೆಟ್ 30 ರೂಪಾಯಿ ಆಗಿತ್ತು. ಹಳೆಯ ದರ ಮತ್ತೆ ಬಂದದ್ದು 2024ರ ಫೆಬ್ರವರಿಯಲ್ಲಿ. ಪಾಸ್ ಇಲ್ಲದೆ, ಕೆಲಸ ಸಿಕ್ಕ ದಿನ ಮಾತ್ರ ರೈಲು ಹತ್ತುವ ದಿನಗೂಲಿಗೆ ಈ ಇಪ್ಪತ್ತು ರೂಪಾಯಿ ಏನೆಂದು ವಿವರಿಸಬೇಕಿಲ್ಲ. ದರ ಏರಿಸುವ ಮುನ್ನ ಅವನನ್ನು ಕೇಳಲಿಲ್ಲ, ಇಳಿಸುವ ಮುನ್ನವೂ ಕೇಳಲಿಲ್ಲ.

ನಕಾಶೆ ಕುಗ್ಗಿದ ಕತೆ

ಬೆಂಗಳೂರಿನ ನಾಗರಿಕರು ಸಂಚಾರದ ವಿಷಯದಲ್ಲಿ ದನಿ ಎತ್ತಿದ್ದಾರೆ, ಗೆದ್ದಿದ್ದಾರೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆಗೆ ಎದುರಾಗಿ 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಮಂದಿ ಮಾನವ ಸರಪಳಿ ಮಾಡಿದರು. 2017ರ ಮಾರ್ಚ್‌ನಲ್ಲಿ ಸರಕಾರ ಆ ಯೋಜನೆಯನ್ನು ಕೈಬಿಟ್ಟಿತು. ಉಪನಗರ ರೈಲಿನ ಬೇಡಿಕೆಯೂ ನಾಗರಿಕರಿಂದಲೇ ಬಲ ಪಡೆಯಿತು. 2010ರ ಆಸುಪಾಸಿನಲ್ಲಿ ‘ಪ್ರಜಾ’ ಎಂಬ ನಾಗರಿಕರ ಗುಂಪು, ಇರುವ ಹಳಿಗಳ ಮೇಲೆಯೇ ಸುತ್ತಲ ಊರುಗಳಿಗೆ ಹೆಚ್ಚು ರೈಲು ಓಡಿಸಬಹುದೆಂದು ವಾದಿಸಿತು. 2012ರಲ್ಲಿ ರೈಟ್ಸ್ ಸಂಸ್ಥೆ ತಯಾರಿಸಿದ ವರದಿಯಲ್ಲಿ ಸುಮಾರು 440 ಕಿ.ಮೀ. ಉದ್ದದ ಜಾಲವಿತ್ತು. ಮಂಡ್ಯ, ತುಮಕೂರು, ಹೊಸೂರುಗಳ ಜೊತೆ ಬಂಗಾರಪೇಟೆಯ ಹೆಸರೂ ಅದರಲ್ಲಿತ್ತು.

2020ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿ, 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಯೋಜನೆ ಸುಮಾರು 148 ಕಿ.ಮೀ.ಗೆ ಇಳಿದಿತ್ತು. ನಾಲ್ಕು ಮಾರ್ಗಗಳಲ್ಲಿ ಪೂರ್ವದ ಕಡೆಯದು ಕೆಂಗೇರಿಯಿಂದ ಹೊರಟು ವೈಟ್‌ಫೀಲ್ಡ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದಿನ ಮಾಲೂರು, ಟೇಕಲ್, ಬಂಗಾರಪೇಟೆಗಳು ನಕಾಶೆಯಿಂದ ಹೊರಗೆ. ಬಂಗಾರಪೇಟೆಯವರೆಗೆ ವಿಸ್ತರಿಸುವ ಪ್ರಸ್ತಾಪ ಆಮೇಲೆ ಕೇಳಿಬಂತಾದರೂ ಮಂಜೂರಾದ ನಾಲ್ಕು ಮಾರ್ಗಗಳಲ್ಲಿ ಅದು ಸೇರಿಲ್ಲ. ಹಣದ ಕೊರತೆ, ಹಳಿಯ ಮೇಲಿನ ಒತ್ತಡ ಎಂಬ ಕಾರಣಗಳು ಸುಳ್ಳಲ್ಲ. ಆದರೆ ಎಲ್ಲಿ ಕತ್ತರಿಸಬೇಕು ಎಂದು ತೀರ್ಮಾನಿಸುವ ಹೊತ್ತಿಗೆ, ಕತ್ತರಿಯ ಆಚೆ ಇದ್ದವರ ಪರವಾಗಿ ಮೇಜಿನ ಬಳಿ ಯಾರಿದ್ದರು ಎಂಬುದು ಬೇರೆಯೇ ಪ್ರಶ್ನೆ.

ಈ ಪ್ರಶ್ನೆಗೆ ಕಾನೂನಿನಲ್ಲೂ ಉತ್ತರ ಸಿಗುವುದಿಲ್ಲ. 1992ರ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. 2011ರ ಜನಗಣತಿಯಲ್ಲಿ ಕೆ.ಜಿ.ಎಫ್. ನಗರಸಭೆಯ ಜನಸಂಖ್ಯೆ ಸುಮಾರು 1.6 ಲಕ್ಷ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಊರಿನ ಮಾಸ್ಟರ್ ಪ್ಲಾನ್‌ನ ಕರಡನ್ನು ಪ್ರಕಟಿಸಿ ಆಕ್ಷೇಪಣೆ ಕೇಳಬೇಕು. ಆದರೆ ಕೆ.ಜಿ.ಎಫ್.ನ ಪ್ಲಾನಿನಲ್ಲಿ ಬೆಂಗಳೂರಿನ ರೈಲಿನ ಸಮಯ ಬರುವುದಿಲ್ಲ. ಬೆಂಗಳೂರು ಮಹಾನಗರದ ಸಾರಿಗೆಯನ್ನೆಲ್ಲ ಒಂದೇ ಸೂರಿನಡಿ ತರಲು 2022ರಲ್ಲಿ ವಿಧಾನಮಂಡಲ ಪ್ರತ್ಯೇಕ ಪ್ರಾಧಿಕಾರದ ಕಾಯ್ದೆಯನ್ನು ಅಂಗೀಕರಿಸಿತು. ಅದರ ದೃಷ್ಟಿಯೂ ಮಹಾನಗರದ ಗಡಿಯೊಳಗೆ. ಕೋಲಾರ ಜಿಲ್ಲೆ ಆ ಗಡಿಯಾಚೆ. ಹೀಗೆ ಬೆಂಗಳೂರಿನ ಕಟ್ಟಡ ಕಾಯುವ, ಬಟ್ಟೆ ಹೊಲಿಯುವ, ರೋಗಿಗಳನ್ನು ನೋಡಿಕೊಳ್ಳುವ ಒಬ್ಬ ವ್ಯಕ್ತಿ, ತನ್ನ ದಿನದ ನಾಲ್ಕೈದು ಗಂಟೆಗಳನ್ನು ತಿನ್ನುವ ಸಂಚಾರದ ಬಗ್ಗೆ ಎಲ್ಲಿಯೂ ಅಹವಾಲು ಹೇಳಲಾರ. ಅವನು ಮಲಗುವ ಊರಿನಲ್ಲಿ ಆ ತೀರ್ಮಾನ ಆಗುವುದಿಲ್ಲ. ತೀರ್ಮಾನ ಆಗುವ ಊರಿನಲ್ಲಿ ಅವನು ಮಲಗುವುದಿಲ್ಲ.

ಹೊಣೆಗೆ ಗಡಿ ಇದೆಯೇ?

ಮುಸ್ಲಿಮರಲ್ಲಿ ಪ್ರಚಲಿತವಾದ ಒಂದು ವೃತ್ತಾಂತವಿದೆ. ದೂರದ ಇರಾಕಿನಲ್ಲಿ ಒಂದು ಹೇಸರಗತ್ತೆ ಎಡವಿ ಬಿದ್ದರೂ, ಅದಕ್ಕೆ ದಾರಿಯನ್ನು ಯಾಕೆ ಸಮತಟ್ಟು ಮಾಡಲಿಲ್ಲವೆಂದು ಅಲ್ಲಾಹನು ತನ್ನನ್ನು ಕೇಳಿಯಾನು ಎಂದು ಖಲೀಫಾ ಉಮರ್ (ರ) ಅಂಜುತ್ತಿದ್ದರಂತೆ. ಅವರಿದ್ದದ್ದು ಮದೀನಾದಲ್ಲಿ. ಇರಾಕು ಅಲ್ಲಿಂದ ನೂರಾರು ಮೈಲಿ ದೂರ. ಆ ಪ್ರಾಣಿ ನನ್ನ ನಗರದ ಗಡಿಯಲ್ಲಿಲ್ಲ ಎಂದು ಅವರು ಹೇಳಲಿಲ್ಲ. ಅಧಿಕಾರದ ಫಲ ಎಲ್ಲಿಯವರೆಗೆ ತಲುಪುತ್ತದೋ ಹೊಣೆಯೂ ಅಲ್ಲಿಯವರೆಗೆ ಎಂಬುದು ಆ ಅಂಜಿಕೆಯ ಅರ್ಥ. ಕುರ್‌ಆನಿನ ಒಂದು ಅಧ್ಯಾಯಕ್ಕೆ ‘ಶೂರಾ’ ಎಂದೇ ಹೆಸರು. ಆ ಪದಕ್ಕೆ ಸಮಾಲೋಚನೆ ಎಂದರ್ಥ. ದಾರಿಯಲ್ಲಿ ತೊಡಕಾಗಿರುವುದನ್ನು ತೆಗೆದು ಹಾಕುವುದೂ ವಿಶ್ವಾಸದ ಒಂದು ಶಾಖೆಯೆಂದು ಪ್ರವಾದಿವರ್ಯರು (ಸ) ಕಲಿಸಿದ್ದಾರೆ. ಜನರ ಓಡಾಟದ ವಿಷಯವನ್ನು ಇಂಜಿನಿಯರುಗಳಿಗೆ ಮಾತ್ರ ಬಿಟ್ಟು ನಾವು ಸುಮ್ಮನಿರುವಂತಿಲ್ಲ.

ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸ ಆಗುವುದು ಯಾವಾಗ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಹುರುಳಿದೆ. ಹಳಿಯ ತಿರುವು, ಸಿಗ್ನಲ್ಲಿನ ವ್ಯವಸ್ಥೆ, ಸೇತುವೆಯ ಬಲ ಇವು ಬಹುಮತದಿಂದ ತೀರ್ಮಾನವಾಗುವ ಸಂಗತಿಗಳಲ್ಲ. ಆದರೆ ರೈಲು ಎಷ್ಟು ಹೊತ್ತಿಗೆ ಬಿಡಬೇಕು, ಎಲ್ಲಿ ನಿಲ್ಲಬೇಕು, ನಿಲ್ದಾಣದಿಂದ ಬಸ್ಸಿಗೆ ನಡೆಯುವ ದಾರಿ ಹೇಗಿರಬೇಕು ಎಂಬುದನ್ನು ದಿನಾ ಓಡಾಡುವವನಿಗಿಂತ ಚೆನ್ನಾಗಿ ಯಾವ ಪರಿಣತನೂ ಹೇಳಲಾರ. 2023ರಲ್ಲಿ ವೈಟ್‌ಫೀಲ್ಡ್‌ವರೆಗೆ ಮೆಟ್ರೊ ಬಂದ ಮೇಲೆ ಈ ಮಾತಿಗೆ ಇನ್ನೂ ತೂಕ ಬಂದಿದೆ. ಕೋಲಾರದ ಕಡೆಯಿಂದ ಬರುವವರು ಅಲ್ಲೇ ಇಳಿದು ಮೆಟ್ರೊ ಹಿಡಿಯಬಹುದು. ಆದರೆ ಒಂದು ರೈಲಿನ ಸಮಯ ಇನ್ನೊಂದಕ್ಕೆ ಹೊಂದದಿದ್ದರೆ, ನಡುವಿನ ನಡಿಗೆಯ ದಾರಿ ಸರಿಯಿಲ್ಲದಿದ್ದರೆ ಕೋಟಿಗಟ್ಟಲೆ ಖರ್ಚಾದ ಸೌಲಭ್ಯದ ಅರ್ಧ ಲಾಭ ನೀರುಪಾಲು.

ಕೇಳುವ ಕಾಲ ಇನ್ನೂ ಮೀರಿಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ, ಸುಮಾರು 71 ಕಿ.ಮೀ., 2024ರ ಕೊನೆಗೆ ವಾಹನಗಳಿಗೆ ತೆರೆದುಕೊಂಡಿತು. ಅದು ಮಾಲೂರು, ಬಂಗಾರಪೇಟೆ, ಬೇತಮಂಗಲಗಳ ಹತ್ತಿರವೇ ಹಾದುಹೋಗುತ್ತದೆ. ಆದರೆ ಇಂಥ ರಸ್ತೆಗಳಲ್ಲಿ ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ಹೊಲ ಕೊಟ್ಟ ರೈತ ತನ್ನ ಸ್ಕೂಟರಿನಲ್ಲಿ ಆ ರಸ್ತೆ ಹತ್ತುವಂತಿಲ್ಲ. ಆ ರಸ್ತೆಯ ಲಾಭ ಅವನಿಗೆ ಸಿಗುವುದು ಬಸ್ಸುಗಳು ಓಡಿದರೆ ಮಾತ್ರ. ಯಾವ ಬಸ್ಸು, ಎಲ್ಲಿಂದ ಎಲ್ಲಿಗೆ ಎಂಬುದನ್ನು ಊರವರೇ ಹೇಳಬೇಕು. ಮಾರಿಕುಪ್ಪಂನಿಂದ ಆಂಧ್ರದ ಕುಪ್ಪಂಗೆ ಹೊಸ ರೈಲು ಮಾರ್ಗ 2011-12ರಲ್ಲೇ ಮಂಜೂರಾಗಿದೆ. ಅದು ಪೂರ್ತಿಯಾದರೆ 1894ರಿಂದ ಕೊನೆಯ ನಿಲ್ದಾಣವಾಗಿದ್ದ ಮಾರಿಕುಪ್ಪಂ ದಾರಿಯ ನಡುವಿನ ಊರಾಗುತ್ತದೆ. ಆಗ ಅಲ್ಲಿ ನಿಲ್ಲದೆ ಹಾದುಹೋಗುವ ರೈಲುಗಳೇ ಹೆಚ್ಚಾಗುತ್ತವೆಯೋ, ಇಲ್ಲಿಯವರು ಹತ್ತಿ ಇಳಿಯುವ ರೈಲುಗಳೂ ಇರುತ್ತವೆಯೋ ಎಂಬುದನ್ನು ಹಳಿ ಮುಗಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಬೇಕಿರುವುದು ದೊಡ್ಡದೇನಲ್ಲ. ವೇಳಾಪಟ್ಟಿ ಬದಲಿಸುವ ಮುನ್ನ ಅದರ ಕರಡನ್ನು ಬಂಗಾರಪೇಟೆ, ಊರಿಗಾಂ, ಮಾರಿಕುಪ್ಪಂ ನಿಲ್ದಾಣಗಳಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ಭಾಷೆಗಳಲ್ಲಿ ಅಂಟಿಸಬೇಕು. ವರ್ಷಕ್ಕೊಮ್ಮೆ, ಜನ ಕೆಲಸದಿಂದ ಬಿಡುವಾಗಿರುವ ಭಾನುವಾರ, ರೈಲ್ವೆ ಮತ್ತು ಬಸ್ಸಿನ ಅಧಿಕಾರಿಗಳು ಊರಲ್ಲೇ ಕುಳಿತು ಅಹವಾಲು ಕೇಳಬೇಕು. ಬೆಂಗಳೂರಿನ ಸಾರಿಗೆ ಪ್ರಾಧಿಕಾರದಲ್ಲಿ ಹೊರಗಿನಿಂದ ದಿನಾ ಬರುವವರ ಪರವಾಗಿ ಒಂದು ದನಿಗೆ ಜಾಗ ಇರಬೇಕು. ಹೇಳಿದ ಮಾತಿಗೆ ಏನಾಯಿತು ಎಂಬ ಉತ್ತರ ಬರೆಹದಲ್ಲಿ ಸಿಗಬೇಕು. ಇಷ್ಟನ್ನು ಕೇಳಲು ಊರಿನ ಸಂಘಸಂಸ್ಥೆಗಳು, ಜಮಾಅತ್‌ಗಳು, ಚರ್ಚುಗಳು, ದಲಿತ ಸಂಘಟನೆಗಳು, ಕಾರ್ಮಿಕ ಸಂಘಗಳು ಒಟ್ಟಾಗಿ ಸಹಿ ಹಾಕಿದ ಒಂದೇ ಮನವಿ ಸಾಕು. ನಸುಕಿನ ರೈಲಿನಲ್ಲಿ ಅವರೆಲ್ಲ ಒಂದೇ ಡಬ್ಬಿಯಲ್ಲಿ ಒತ್ತಿಕೊಂಡು ನಿಂತಿರುವವರೇ ತಾನೆ?